ಬಾಕ್ಸ್ ಕೊಳ್ಳುವ ಮುನ್ನ ಡ್ರೈವರ್ ಯಾರೆಂದು ಕೇಳಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ತಿಂಗಳಿಗೊಮ್ಮೆಯಾದರೂ ಕಾಣಿಸಿಕೊಳ್ಳುವ ಪ್ರಶ್ನೆ ಒಂದಿದೆ. "ಮನೇಲಿ ಹಳೇ ಟಿವಿ ಬಾಕ್ಸ್ ಇದೆ, ತುಂಬಾ ಸ್ಲೋ ಆಗಿದೆ. ಅದಕ್ಕೆ ಲಿನಕ್ಸ್ ಹಾಕಿದರೆ ಸರಿಹೋಗುತ್ತಾ?" ಅದರ ಬೆನ್ನಿಗೇ ಇನ್ನೊಂದು: "ಹೊಸದು ತಗೊಳ್ಳೋದಾದರೆ ಯಾವುದು ತಗೊಳ್ಳಲಿ?" ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಆದರೆ ಆ ಉತ್ತರ ಬಾಕ್ಸ್‌ನ ರಟ್ಟಿನ ಮೇಲೆ ಅಚ್ಚಾಗಿರುವುದಿಲ್ಲ.

ರಟ್ಟಿನ ಮೇಲೆ ಏನೆಲ್ಲ ಇರುತ್ತೆ ನೋಡಿ: 4ಕೆ, ಎಚ್‌ಡಿಆರ್, ಇಷ್ಟು ಜಿಬಿ ರ್‍ಯಾಮ್, ಇಷ್ಟು ಕೋರ್. ಒಳಗಿನ ಚಿಪ್‌ನ ಡ್ರೈವರ್ ಯಾರ ಕೈಯಲ್ಲಿದೆ, ಅದನ್ನು ಎಷ್ಟು ವರ್ಷ ಯಾರು ನೋಡಿಕೊಳ್ಳುತ್ತಾರೆ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಆ ಬಾಕ್ಸ್ ಮೂರು ವರ್ಷ ಬದುಕುತ್ತಾ, ಹತ್ತು ವರ್ಷ ಬದುಕುತ್ತಾ ಎಂಬುದು ತೀರ್ಮಾನವಾಗುವುದು ಅಲ್ಲೇ. ಈ ವಾರ ಅದನ್ನೇ ಬಿಡಿಸಿ ನೋಡೋಣ.

ಕಪಾಟಿನಲ್ಲಿರುವ ನಾಲ್ಕು ಕಾಲ

ಮೊದಲು ನಮ್ಮ ಮನೆಗಳಲ್ಲಿ ಏನೇನಿದೆ ಅಂತ ಲೆಕ್ಕ ಹಾಕೋಣ. ಅಪ್ಪ-ಅಮ್ಮನ ಮದುವೆ ಕ್ಯಾಸೆಟ್ಟನ್ನು ಸ್ಟುಡಿಯೋದವರಿಂದ ವಿಸಿಡಿಗೆ ಹಾಕಿಸಿರುತ್ತೇವೆ. ಅದು ಎಂಪೆಗ್-1. ಅಕ್ಕನ ಮದುವೆ ಡಿವಿಡಿಯಲ್ಲಿದೆ, ಅಪ್ಪ ಕೊಂಡಿಟ್ಟ ಯಕ್ಷಗಾನದ ಡಿವಿಡಿಗಳೂ ಇವೆ. ಅವು ಎಂಪೆಗ್-2. ಹತ್ತು ವರ್ಷದ ಹಿಂದಿನ ಮೊಬೈಲ್ ವಿಡಿಯೋಗಳು ಸಾಮಾನ್ಯವಾಗಿ ಎಚ್.264. ಹೊಸ ಫೋನ್‌ನಲ್ಲಿ 4ಕೆಯಲ್ಲಿ ತೆಗೆದ ಮಗುವಿನ ನಾಮಕರಣ ಎಚ್‌ಇವಿಸಿ ಆಗಿರುವ ಸಾಧ್ಯತೆಯೇ ಹೆಚ್ಚು. ಐಫೋನ್‌ಗಳಲ್ಲಂತೂ 2017ರಿಂದಲೇ ಈ ಪದ್ಧತಿ ಬಂದಿದೆ. ಯೂಟ್ಯೂಬ್ ತೆರೆದರೆ ವಿಪಿ9, ಎವಿ1 ಎಂಬ ಬೇರೆಯದೇ ಹೆಸರುಗಳು.

ಇವೆಲ್ಲ ಕೋಡೆಕ್‌ಗಳು. ಅಂದರೆ ವಿಡಿಯೋವನ್ನು ಚಿಕ್ಕದಾಗಿ ಮಡಿಸಿಡುವ ಪದ್ಧತಿಗಳು. ಮಡಿಸಿದ್ದನ್ನು ಬಿಚ್ಚಿ ತೋರಿಸುವ ಕೆಲಸ ಡಿಕೋಡಿಂಗ್. ಹಳೆಯ ಮಡಿಕೆ ಸರಳ, ಹೊಸ ಮಡಿಕೆ ಜಟಿಲ. ಎಚ್.264 ಬಂದದ್ದು 2003ರಲ್ಲಿ, ಎಚ್‌ಇವಿಸಿ 2013ರಲ್ಲಿ, ಎವಿ1 2018ರಲ್ಲಿ. ಒಂದೊಂದು ಹೆಜ್ಜೆಗೂ ಫೈಲ್ ಚಿಕ್ಕದಾಯಿತು, ಬಿಚ್ಚುವ ಕೆಲಸ ಹೆಚ್ಚಾಯಿತು.

ಎಷ್ಟು ಕೆಲಸ? 4ಕೆ ಚಿತ್ರ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿಗಳು. ಒಟ್ಟು ಸುಮಾರು 83 ಲಕ್ಷ. ಸೆಕೆಂಡಿಗೆ 60 ಚಿತ್ರವಾದರೆ ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕಿಗಳನ್ನು ಲೆಕ್ಕ ಹಾಕಿ ಪರದೆಗೆ ಕಳಿಸಬೇಕು. ಅಂಗೈಯಗಲದ ಬಾಕ್ಸ್‌ನ ಸಾಮಾನ್ಯ ಪ್ರೊಸೆಸರ್‌ನಿಂದ ಇದು ಆಗುವ ಮಾತಲ್ಲ. ಅದಕ್ಕೇ ಚಿಪ್‌ನೊಳಗೆ ಈ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಮೂಲೆ ಇಟ್ಟಿರುತ್ತಾರೆ. ಅದೇ ಹಾರ್ಡ್‌ವೇರ್ ಡಿಕೋಡರ್. ಅದು ಓಡುತ್ತಿದ್ದರೆ ಬಾಕ್ಸ್ ಬೆಚ್ಚಗೂ ಆಗುವುದಿಲ್ಲ. ಓಡದಿದ್ದರೆ ಚಿತ್ರ ತಡವರಿಸುತ್ತದೆ, ಮಾತಿಗೂ ತುಟಿಗೂ ತಾಳೆಯಾಗುವುದಿಲ್ಲ.

ಆ ಡಿಕೋಡರ್‌ಗೂ ಲಿನಕ್ಸ್‌ಗೂ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ದುಭಾಷಿ ಇಲ್ಲದಿದ್ದರೆ ಡಿಕೋಡರ್ ಎಷ್ಟೇ ಜಾಣ ಇದ್ದರೂ ಸುಮ್ಮನೆ ಕೂತಿರುತ್ತದೆ. ನೀವು ಅದಕ್ಕೆ ದುಡ್ಡು ಕೊಟ್ಟಿರುತ್ತೀರಿ, ಅಷ್ಟೇ.

ಭಾವನ ಬಾಕ್ಸ್

ನಮ್ಮ ಭಾವ 2018ರಲ್ಲಿ ಆನ್‌ಲೈನ್‌ನಲ್ಲಿ ಒಂದು ಆಂಡ್ರಾಯ್ಡ್ ಬಾಕ್ಸ್ ತರಿಸಿದ್ದರು. ಕಂಪನಿಯ ಹೆಸರು ಬೇಡ, ಅಂಥವು ನೂರಾರಿವೆ. ಎರಡು ವರ್ಷ ಚೆನ್ನಾಗೇ ಓಡಿತು. ಆಮೇಲೆ ಒಂದೊಂದೇ ಆ್ಯಪ್ "ಈ ಸಾಧನಕ್ಕೆ ಬೆಂಬಲವಿಲ್ಲ" ಎನ್ನತೊಡಗಿತು. ಅಪ್‌ಡೇಟ್ ಒಂದೂ ಬರಲಿಲ್ಲ. ಕಂಪನಿಗೆ ಮೇಲ್ ಹಾಕಿದರು, ಉತ್ತರವೂ ಬರಲಿಲ್ಲ.

"ನೀನೇ ಅದೇನೋ ಲಿನಕ್ಸ್ ಹಾಕಿಕೊಡು ಮಾರಾಯ. ಬಿಸಾಕೋಕೆ ಮನಸ್ಸು ಬರ್ತಿಲ್ಲ" ಅಂತ ಊರಿಂದ ಬರುವಾಗ ಚೀಲದಲ್ಲಿ ಹಾಕಿಕೊಂಡು ಬಂದರು.

ಸೆಟ್ಟಿಂಗ್ಸ್ ತೆರೆದು ನೋಡಿದೆ. ಕರ್ನಲ್ ಆವೃತ್ತಿ 3.14 ಅಂತಿತ್ತು. ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು. ಆಂಡ್ರಾಯ್ಡ್ ನಡೆಯುವುದೂ ಅದರ ಮೇಲೆಯೇ. 3.14 ಬಿಡುಗಡೆಯಾದದ್ದು 2014ರ ಮಾರ್ಚ್‌ನಲ್ಲಿ, ಅದಕ್ಕೆ ಅಧಿಕೃತ ಬೆಂಬಲ ಮುಗಿದದ್ದು 2016ರಲ್ಲಿ. ಭಾವ ಹೊಸ ಬಾಕ್ಸ್ ಅಂತ ತಂದಾಗಲೇ ಅದರ ತಿರುಳಿನ ಆಯಸ್ಸು ತೀರಿ ಎರಡು ವರ್ಷವಾಗಿತ್ತು.

ಹೀಗೇಕೆ ಆಗುತ್ತದೆ? ಬಾಕ್ಸ್ ಜೋಡಿಸುವ ಕಂಪನಿ ಚಿಪ್ ಮಾಡುವುದಿಲ್ಲ. ಚಿಪ್ ಕಂಪನಿಯೊಂದು ಚಿಪ್ ಜತೆಗೆ ತನ್ನದೇ ತಿದ್ದುಪಡಿ ಮಾಡಿದ ಒಂದು ಹಳೆಯ ಕರ್ನಲ್ ಮತ್ತು ಅದಕ್ಕೆ ಹೊಂದುವ ಡ್ರೈವರ್‌ಗಳ ಗಂಟು ಕೊಡುತ್ತದೆ. ಅದರಲ್ಲಿ ಕೆಲವು ಡ್ರೈವರ್‌ಗಳು ಮುಚ್ಚಿದ ಡಬ್ಬಿಯ ಹಾಗೆ: ಓಡುತ್ತವೆ, ಒಳಗೇನಿದೆ ಎಂದು ಯಾರಿಗೂ ಕಾಣುವುದಿಲ್ಲ. ಆ ಡಬ್ಬಿ ಆ ಒಂದು ಕರ್ನಲ್‌ಗೆ ಮಾತ್ರ ಹೊಂದುತ್ತದೆ. ಬಾಕ್ಸ್ ಕಂಪನಿ ಗಂಟನ್ನು ಹಾಗೇ ತುಂಬಿ ಮಾರುತ್ತದೆ. ಚಿಪ್ ಕಂಪನಿ ಮುಂದಿನ ಚಿಪ್ ಕಡೆ ಹೋದ ಮೇಲೆ ಹಳೆಯ ಗಂಟನ್ನು ಬಿಚ್ಚುವವರು ಯಾರೂ ಇರುವುದಿಲ್ಲ.

ಒಳಗಿನವರು, ಹೊರಗಿನವರು

ಇಲ್ಲಿ ಲಿನಕ್ಸ್‌ನ ಒಂದು ನಿಯಮ ತಿಳಿದಿರಬೇಕು. ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಕ್ಕೊಮ್ಮೆ ಬರುತ್ತದೆ. ಪ್ರತಿ ಸಲವೂ ಕರ್ನಲ್‌ನ ಒಳಗಿನ ರಚನೆ ಅಷ್ಟಿಷ್ಟು ಬದಲಾಗುತ್ತದೆ. "ಡ್ರೈವರ್‌ಗಳಿಗಾಗಿ ಒಳಗಿನ ರಚನೆಯನ್ನು ಸ್ಥಿರವಾಗಿ ಇಡುತ್ತೇವೆ" ಎಂಬ ಮಾತನ್ನು ಕರ್ನಲ್ ತಂಡ ಎಂದೂ ಕೊಟ್ಟಿಲ್ಲ. ಬೇಕೆಂದೇ ಕೊಟ್ಟಿಲ್ಲ.

ಅದರ ಬದಲು ಬೇರೊಂದು ಏರ್ಪಾಡಿದೆ. ನಿಮ್ಮ ಡ್ರೈವರ್‌ನ ಮೂಲ ಕೋಡನ್ನು ಕರ್ನಲ್‌ನ ಒಳಗೇ ತಂದು ಸೇರಿಸಿ. ಆಮೇಲೆ ಯಾರಾದರೂ ಒಳಗಿನ ರಚನೆ ಬದಲಿಸಿದರೆ, ಅದನ್ನು ಬಳಸುವ ಎಲ್ಲ ಡ್ರೈವರ್‌ಗಳನ್ನೂ ಸರಿಪಡಿಸುವ ಹೊಣೆ ಬದಲಿಸಿದವರದ್ದೇ. ಕೂಡು ಕುಟುಂಬದ ಹಾಗೆ. ಮನೆಯೊಳಗಿದ್ದರೆ ಊಟದ ಹೊತ್ತು ಬದಲಾದದ್ದು ತಾನಾಗೇ ಗೊತ್ತಾಗುತ್ತದೆ. ಹೊರಗೆ ಬಾಡಿಗೆ ಮನೆ ಮಾಡಿಕೊಂಡವರು ಪ್ರತಿ ಸಲ ಬಂದು ವಿಚಾರಿಸಬೇಕು.

ಹೀಗೆ ಒಳಗೆ ಸೇರಿದ್ದನ್ನು ಮೇನ್‌ಲೈನ್ ಡ್ರೈವರ್ ಎನ್ನುತ್ತಾರೆ. ಈ ಒಂದು ಪದ ನೆನಪಿಟ್ಟುಕೊಂಡರೆ ಸಾಕು, ಬಾಕ್ಸ್ ಕೊಳ್ಳುವಾಗ ಅರ್ಧ ದಾರಿ ನಡೆದ ಹಾಗೆ. ಮೇನ್‌ಲೈನ್ ಡ್ರೈವರ್ ಇರುವ ಚಿಪ್‌ಗೆ ಅದನ್ನು ಮಾಡಿದ ಕಂಪನಿ ಕೈಬಿಟ್ಟರೂ ಹೊಸ ಕರ್ನಲ್ ಸಿಗುತ್ತಲೇ ಇರುತ್ತದೆ.

ಭಾವನ ಬಾಕ್ಸ್‌ಗೆ ಬರೋಣ. ಅದರಲ್ಲಿದ್ದದ್ದು ಆಮ್‌ಲಾಜಿಕ್ ಎಸ್905ಎಕ್ಸ್ ಚಿಪ್, ಒಳಗೆ ಮಾಲಿ-450 ಗ್ರಾಫಿಕ್ಸ್. ಈ ಮಾಲಿ ಗ್ರಾಫಿಕ್ಸ್‌ಗೆ ಬಹಳ ವರ್ಷ ಮುಚ್ಚಿದ ಡ್ರೈವರ್ ಮಾತ್ರ ಇತ್ತು. ಆಸಕ್ತರು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಹೊರಗಿನಿಂದಲೇ ಗಮನಿಸಿ, ಊಹಿಸಿ, ಪರೀಕ್ಷಿಸಿ ಹೊಸದಾಗಿ ಬರೆದರು. ಹಳೆಯ ಮಾಲಿಗೆ ಲಿಮಾ, ನಂತರದವಕ್ಕೆ ಪ್ಯಾನ್‌ಫ್ರಾಸ್ಟ್ ಎಂಬ ಎರಡು ಡ್ರೈವರ್‌ಗಳು 2019ರ ಜುಲೈನಲ್ಲಿ ಬಂದ ಕರ್ನಲ್ 5.2ರಲ್ಲಿ ಒಳಗೆ ಸೇರಿದವು. ಆಮ್‌ಲಾಜಿಕ್ ಚಿಪ್‌ಗಳ ಉಳಿದ ಭಾಗಗಳನ್ನು ಮೇನ್‌ಲೈನ್‌ಗೆ ತರುವಲ್ಲಿ ಫ್ರಾನ್ಸಿನ ಬೇಲಿಬ್ರೆ ಕಂಪನಿಯ ಎಂಜಿನಿಯರ್‌ಗಳ ಕೆಲಸ ದೊಡ್ಡದು.

ಆ ಬಾಕ್ಸ್‌ಗೆ ಲಿಬ್ರೆಎಲೆಕ್ ಹಾಕಿದೆ. ಟಿವಿಗೆ ಜೋಡಿಸಿದ ಕೂಡಲೇ ಕೋಡಿ ಎಂಬ ಮೀಡಿಯಾ ಪ್ಲೇಯರ್ ತೆರೆದುಕೊಳ್ಳುವಂತೆ ಮಾಡಿದ ಪುಟ್ಟ ಲಿನಕ್ಸ್ ಅದು. ಹಿಂದಿನ ಓಪನ್‌ಎಲೆಕ್‌ನಿಂದ ಕವಲೊಡೆದು 2016ರಲ್ಲಿ ಶುರುವಾಯಿತು. ಕೋಡಿಯ ಕಥೆ ಇನ್ನೂ ಹಳೆಯದು. 2000ದ ದಶಕದ ಆರಂಭದಲ್ಲಿ ಎಕ್ಸ್‌ಬಾಕ್ಸ್ ಗೇಮ್ ಯಂತ್ರದ ಮೇಲೆ ಸಿನಿಮಾ ನೋಡಲೆಂದು ಹವ್ಯಾಸಿಗಳು ಬರೆದದ್ದು, 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡಿತು.

ಲಿಬ್ರೆಎಲೆಕ್ ಇರುವ ಎಸ್‌ಡಿ ಕಾರ್ಡ್‌ನಿಂದ ಬಾಕ್ಸ್ ಎದ್ದಿತು. ಚಿತ್ರ ಬಂತು, ಧ್ವನಿ ಬಂತು, ನೆಟ್‌ವರ್ಕ್ ಕೇಬಲ್ ಹಾಕಿದರೆ ಇಂಟರ್ನೆಟ್ಟೂ ಬಂತು. ವೈಫೈ ಬರಲಿಲ್ಲ. ಬಿಚ್ಚಿ ನೋಡಿದರೆ ಒಳಗಿದ್ದದ್ದು ಮೇನ್‌ಲೈನ್‌ನಲ್ಲಿ ಡ್ರೈವರ್ ಇಲ್ಲದ ಅಗ್ಗದ ವೈಫೈ ಚಿಪ್. ಇಂಥ ಬಾಕ್ಸ್‌ಗಳಲ್ಲಿ ಮಾಡೆಲ್ ಹೆಸರು ಒಂದೇ ಇದ್ದರೂ ಒಳಗಿನ ವೈಫೈ ಚಿಪ್ ಒಂದು ಕಂತಿನಿಂದ ಇನ್ನೊಂದಕ್ಕೆ ಬದಲಾಗುವುದುಂಟು. ಆ ವಾರ ಮಾರುಕಟ್ಟೆಯಲ್ಲಿ ಯಾವುದು ಅಗ್ಗವೋ ಅದು. "ನನ್ನ ಗೆಳೆಯನ ಬಾಕ್ಸ್‌ನಲ್ಲಿ ಓಡ್ತು, ನನ್ನದರಲ್ಲಿ ಯಾಕಿಲ್ಲ?" ಎಂದು ಕೇಳುವವರಿಗೆ ಉತ್ತರ ಇದೇ.

ಡಿಕೋಡರ್‌ನ ಕಥೆ ಅರ್ಧಂಬರ್ಧ. ಎಚ್.264 ಸಲೀಸಾಗಿ ಓಡಿತು, ಕೆಲವು 4ಕೆ ಫೈಲ್‌ಗಳು ತಡವರಿಸಿದವು. ಆಮ್‌ಲಾಜಿಕ್‌ನ ವಿಡಿಯೋ ಡಿಕೋಡರ್ ಡ್ರೈವರ್ ಮೇನ್‌ಲೈನ್‌ಗೆ ಬಂದಿದ್ದರೂ ಪೂರ್ಣವಾಗಿಲ್ಲ. ಅದಕ್ಕೇ 2018ರಲ್ಲಿ ಕೋರ್‌ಎಲೆಕ್ ಎಂಬ ಇನ್ನೊಂದು ಕವಲು ಹುಟ್ಟಿತು. ಅವರು ಚಿಪ್ ಕಂಪನಿಯ ಕರ್ನಲ್ಲನ್ನೇ ಇಟ್ಟುಕೊಂಡು 4ಕೆ, ಎಚ್‌ಡಿಆರ್ ಎಲ್ಲ ಓಡುವಂತೆ ಮಾಡುತ್ತಾರೆ. ಈಗ ಚಂದವಾಗಿ ಓಡಬೇಕೋ, ಮುಂದೆಯೂ ಓಡುತ್ತಿರಬೇಕೋ ಎಂಬ ಆಯ್ಕೆ ಅಲ್ಲಿದೆ. ಎರಡೂ ತಂಡದವರು ಪ್ರಾಮಾಣಿಕವಾಗಿಯೇ ಕೆಲಸ ಮಾಡುತ್ತಿದ್ದಾರೆ, ಅವರ ಕೈಗೆ ಸಿಕ್ಕಿರುವ ಚಿಪ್ ಅಂಥದ್ದು.

ಪಿಸಿಗೆ ಸುಲಭ, ಬಾಕ್ಸ್‌ಗೆ ಕಷ್ಟ ಏಕೆ?

ಒಂದೇ ಲಿನಕ್ಸ್ ಪೆನ್‌ಡ್ರೈವ್ ಯಾವ ಲ್ಯಾಪ್‌ಟಾಪ್‌ಗೆ ಚುಚ್ಚಿದರೂ ಸಾಮಾನ್ಯವಾಗಿ ಎದ್ದು ಕೂರುತ್ತದೆ. ಟಿವಿ ಬಾಕ್ಸ್‌ಗಳಲ್ಲಿ ಹಾಗಾಗುವುದಿಲ್ಲ. ಕಾರಣ ಸರಳವಾಗಿದೆ. ಪಿಸಿಯಲ್ಲಿ ಒಳಗಿನ ಭಾಗಗಳು ತಾವು ಯಾರು ಎಂದು ಹೇಳಿಕೊಳ್ಳುವ ಪದ್ಧತಿ ಇದೆ. ಲಿನಕ್ಸ್ ಒಳಗೆ ಬಂದು "ಯಾರ್‍ಯಾರಿದ್ದೀರಪ್ಪ?" ಎಂದರೆ ಗ್ರಾಫಿಕ್ಸ್ ಕಾರ್ಡ್, ವೈಫೈ ಕಾರ್ಡ್ ಎಲ್ಲ ಹಾಜರಿ ಹಾಕುತ್ತವೆ. ಟಿವಿ ಬಾಕ್ಸ್‌ನ ಎಆರ್‌ಎಂ ಚಿಪ್‌ಗಳಲ್ಲಿ ಹಾಜರಿ ಪದ್ಧತಿ ಇಲ್ಲ. ಯಾವ ಭಾಗ ಯಾವ ವಿಳಾಸದಲ್ಲಿದೆ, ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ಮೊದಲೇ ಬರೆದ ಒಂದು ನಕ್ಷೆ ಬೇಕು. ಅದಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ನಿಮ್ಮ ಬಾಕ್ಸ್‌ನ ನಕ್ಷೆ ಯಾರೂ ಬರೆದಿಲ್ಲವೆಂದರೆ ಡ್ರೈವರ್ ಇದ್ದರೂ ದಾರಿ ಸಿಗುವುದಿಲ್ಲ.

ಹಾಗಾಗಿ ಹಳೆಯ ಬಾಕ್ಸ್‌ಗೆ ಲಿನಕ್ಸ್ ಹಾಕುವ ಮುನ್ನ ಎರಡು ಪ್ರಶ್ನೆ: ಚಿಪ್ ಯಾವುದು? ಆ ಬೋರ್ಡ್‌ನ ನಕ್ಷೆ ಇದೆಯಾ? ಲಿಬ್ರೆಎಲೆಕ್, ಕೋರ್‌ಎಲೆಕ್ ಡೌನ್‌ಲೋಡ್ ಪುಟಗಳಲ್ಲಿ ನಿಮ್ಮ ಚಿಪ್‌ನ ಹೆಸರು ಕಂಡರೆ ಮುಂದುವರಿಯಿರಿ. ಕಾಣದಿದ್ದರೆ ಭಾನುವಾರ ಹಾಳು ಮಾಡಿಕೊಳ್ಳಬೇಡಿ.

ಬೀಗ ಹಾಕಿದ ಡಿಕೋಡರ್

ಡ್ರೈವರ್ ಇದ್ದರೂ ಕೆಲವೊಮ್ಮೆ ಡಿಕೋಡರ್ ಓಡುವುದಿಲ್ಲ. ರಾಸ್ಪ್‌ಬೆರಿ ಪೈ ಇದಕ್ಕೆ ಒಳ್ಳೆಯ ಉದಾಹರಣೆ. ಆ ಪುಟ್ಟ ಕಂಪ್ಯೂಟರ್ 2012ರ ಫೆಬ್ರವರಿ 29ರಂದು 35 ಡಾಲರ್ ಬೆಲೆಗೆ ಬಿಡುಗಡೆಯಾಯಿತು. ಕೋಡಿ ಹಾಕಿ ಟಿವಿಗೆ ಸಿಕ್ಕಿಸುವವರಿಗೆ ಹಬ್ಬವೋ ಹಬ್ಬ. ಎಚ್.264 ಸಲೀಸು. ಆದರೆ ಡಿವಿಡಿಯ ಎಂಪೆಗ್-2 ಮಾತ್ರ ತಡವರಿಸುತ್ತಿತ್ತು. ಚಿಪ್‌ಗೆ ಎಂಪೆಗ್-2 ಬಿಚ್ಚುವ ಶಕ್ತಿ ಇತ್ತು, ಪೇಟೆಂಟ್ ಶುಲ್ಕ ಕಟ್ಟದ್ದರಿಂದ ಅದಕ್ಕೆ ಬೀಗ ಹಾಕಲಾಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಬೀಗದ ಕೈ ಮಾರಾಟಕ್ಕೆ ಬಂತು: ಎಂಪೆಗ್-2ಗೆ 2.40 ಪೌಂಡ್, ವಿಸಿ-1ಗೆ 1.20 ಪೌಂಡ್. ಒಂದು ಕೀ ಒಂದೇ ಬೋರ್ಡ್‌ಗೆ.

ಈಗಿನ ಪೈಗಳಿಗೆ ಆ ಕೀ ಬೇಡ. ಎಂಪೆಗ್-2 ಬಿಚ್ಚಲು ಅವುಗಳ ಪ್ರೊಸೆಸರೇ ಸಾಕು. ಆದರೆ ಹೊಸತಾದಷ್ಟೂ ಎಲ್ಲ ಡಿಕೋಡರ್ ಇರುತ್ತದೆ ಎಂದೇನೂ ಇಲ್ಲ. 2019ರ ಪೈ 4ರಲ್ಲಿ ಎಚ್.264 ಮತ್ತು ಎಚ್‌ಇವಿಸಿ ಎರಡಕ್ಕೂ ಡಿಕೋಡರ್ ಇತ್ತು. 2023ರ ಪೈ 5ರಲ್ಲಿ ಎಚ್‌ಇವಿಸಿ ಉಳಿಸಿ ಎಚ್.264 ತೆಗೆದರು. ಪ್ರೊಸೆಸರ್ ವೇಗ ಹೆಚ್ಚಿರುವುದರಿಂದ ಫುಲ್ ಎಚ್‌ಡಿ ಎಚ್.264 ಅದರಲ್ಲಿ ಆರಾಮಾಗೇ ಓಡುತ್ತದೆ. ಎವಿ1ಗೆ ಎರಡರಲ್ಲೂ ಡಿಕೋಡರ್ ಇಲ್ಲ.

ಹೀಗಿದ್ದರೂ ಪೈ ಬಗ್ಗೆ ನನಗೆ ಗೌರವ ಇರುವುದು ಬೇರೆ ಕಾರಣಕ್ಕೆ. 2014ರ ಫೆಬ್ರವರಿಯಲ್ಲಿ ಚಿಪ್ ತಯಾರಕ ಬ್ರಾಡ್‌ಕಾಮ್ ಅದರ ಗ್ರಾಫಿಕ್ಸ್ ಭಾಗದ ದಾಖಲೆಗಳನ್ನು ಬಹಿರಂಗ ಮಾಡಿತು. ಅದೇ ವರ್ಷ ಎರಿಕ್ ಆನ್‌ಹೋಲ್ಟ್ ಎಂಬ ಅನುಭವಿ ಡ್ರೈವರ್ ಬರಹಗಾರನನ್ನು ಕೆಲಸಕ್ಕೆ ತೆಗೆದುಕೊಂಡಿತು. ಅವರು ಬರೆದ ಡ್ರೈವರ್ ಮೇನ್‌ಲೈನ್ ಸೇರಿತು. ನಮ್ಮ ಮನೆಯ ಹಳೆಯ ಪೈ ಈಗಲೂ ಅಮ್ಮನ ಕೋಣೆಯಲ್ಲಿ ಅಪ್ಪನ ಯಕ್ಷಗಾನ ಪ್ರಸಂಗಗಳನ್ನು ಹಾಡುತ್ತಿದೆ, ಹೊಸ ಲಿನಕ್ಸ್ ಮೇಲೆಯೇ. ಅಪ್ಪ ಹೋದ ಮೇಲೆ ಅಮ್ಮ ಟಿವಿ ಹಚ್ಚುವುದೇ ಅದಕ್ಕೆ. "ನಿನ್ನ ನೆಟ್ಟು ಹೋದರೂ ಇದು ಓಡ್ತದಲ್ಲೋ, ಅಷ್ಟು ಸಾಕು" ಅನ್ನುತ್ತಾರೆ.

ಬೇರೆ ದಾರಿಯೂ ಇದೆ. ಆಲ್‌ವಿನ್ನರ್ ಚಿಪ್‌ಗಳ ಡಿಕೋಡರ್‌ಗೆ ಮುಕ್ತ ಡ್ರೈವರ್ ಬರೆಯಲು ಫ್ರಾನ್ಸಿನ ಬೂಟ್ಲಿನ್ ಕಂಪನಿ 2018ರಲ್ಲಿ ಜನರಿಂದಲೇ ಹಣ ಕೂಡಿಸಿತು. ಅದು ಆ ವರ್ಷದ ಡಿಸೆಂಬರ್‌ನ ಕರ್ನಲ್ 4.20ರಲ್ಲಿ ಸೇರಿತು. ಇಂಥ ಚಿಪ್‌ಗಳ ಎಚ್.264 ಡಿಕೋಡರ್‌ಗಳಿಗೆ ಒಂದೇ ಬಗೆಯ, ಸ್ಥಿರವಾದ ಭಾಷೆ ಸಿದ್ಧವಾದದ್ದು 2021ರ ಫೆಬ್ರವರಿಯ 5.11ರಲ್ಲಿ. ಎಚ್.264 ಹುಟ್ಟಿ ಆಗ 18 ವರ್ಷ! ಡ್ರೈವರ್ ಕೆಲಸ ಎಷ್ಟು ನಿಧಾನ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಕಾನೂನು ಏನನ್ನುತ್ತೆ?

ಲಿನಕ್ಸ್ ಕರ್ನಲ್ ಜಿಪಿಎಲ್ ಎರಡನೇ ಆವೃತ್ತಿಯ ಪರವಾನಗಿಯಲ್ಲಿದೆ. ಅದನ್ನು ಬಾಕ್ಸ್‌ನಲ್ಲಿ ತುಂಬಿ ಮಾರುವವರು ತಾವು ಮಾಡಿದ ತಿದ್ದುಪಡಿಯ ಮೂಲ ಕೋಡನ್ನೂ ಕೊಡಬೇಕು. ಕೇಳಿದರೆ ಕೊಡುವುದು ಉಪಕಾರವಲ್ಲ, ಷರತ್ತು. ಅಮೆರಿಕದಲ್ಲಿ ಜಿಪಿಎಲ್ ಉಲ್ಲಂಘನೆ ಎಂದು ಹೂಡಿದ ಮೊದಲ ದಾವೆ, 2007ರದ್ದು, ಒಂದು ಮೀಡಿಯಾ ಬಾಕ್ಸ್ ಕಂಪನಿಯ ಮೇಲೆಯೇ: ಮಾನ್ಸೂನ್ ಮಲ್ಟಿಮೀಡಿಯಾ. ಆ ಬಾಕ್ಸ್‌ನಲ್ಲಿದ್ದ ಬ್ಯುಸಿಬಾಕ್ಸ್ ಎಂಬ ಸಾಫ್ಟ್‌ವೇರ್‌ನ ಲೇಖಕರು ದಾವೆ ಹೂಡಿದ್ದರು. ಕೆಲವೇ ವಾರಗಳಲ್ಲಿ ರಾಜಿಯಾಯಿತು. 2021ರ ಅಕ್ಟೋಬರ್‌ನಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ ಟಿವಿ ತಯಾರಕ ವಿಜಿಯೋ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿತು. ಅಲ್ಲಿ ಸಂಸ್ಥೆ ನಿಂತದ್ದು ಲೇಖಕರಾಗಿ ಅಲ್ಲ, ಟಿವಿ ಕೊಂಡ ಗ್ರಾಹಕರಾಗಿ. ಕೊಂಡವರಿಗೂ ಕೋಡ್ ಕೇಳುವ ಹಕ್ಕಿದೆ ಎಂಬುದು ಅವರ ವಾದ.

ಕೋಡ್ ಸಿಕ್ಕರೂ ಒಂದು ತೊಡಕಿದೆ. 1999ರಲ್ಲಿ ಬಂದ ಟಿವೋ ಎಂಬ ರೆಕಾರ್ಡರ್ ಲಿನಕ್ಸ್ ಮೇಲೆ ನಡೆಯುತ್ತಿತ್ತು, ಕೋಡನ್ನೂ ಕೊಡುತ್ತಿತ್ತು. ಆದರೆ ನೀವು ತಿದ್ದಿದ ಕೋಡನ್ನು ಅದೇ ಪೆಟ್ಟಿಗೆಗೆ ಹಾಕಲು ಬಿಡುತ್ತಿರಲಿಲ್ಲ, ಕಂಪನಿಯ ಸಹಿ ಬೇಕಿತ್ತು. ಇಂದಿನ ಎಷ್ಟೋ ಸ್ಮಾರ್ಟ್ ಟಿವಿ, ಸ್ಟ್ರೀಮಿಂಗ್ ಸ್ಟಿಕ್‌ಗಳೂ ಹೀಗೇ. ಬೂಟ್‌ಲೋಡರ್‌ಗೆ ಬೀಗ ಇದ್ದರೆ ಲಿನಕ್ಸ್ ಹಾಕುವ ಯೋಚನೆ ಅಲ್ಲಿಗೇ ನಿಂತಿತು.

ಕೆಲವೊಮ್ಮೆ ತಡೆಯುವುದು ತಯಾರಕರೂ ಅಲ್ಲ. ಎಎಂಡಿ ಕಂಪನಿ ತನ್ನ ಮುಕ್ತ ಲಿನಕ್ಸ್ ಡ್ರೈವರ್‌ನಲ್ಲಿ ಎಚ್‌ಡಿಎಂಐ 2.1 ಸೇರಿಸಲು ತಯಾರಿತ್ತು. ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ ಎಂದು 2024ರ ಫೆಬ್ರವರಿಯಲ್ಲಿ ಅದರ ಎಂಜಿನಿಯರ್ ತಿಳಿಸಿದರು. ಸಿನಿಮಾ ನೋಡುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸೆಕೆಂಡಿಗೆ 60 ಚಿತ್ರದ 4ಕೆಗೆ ಎಚ್‌ಡಿಎಂಐ 2.0 ಸಾಕು.

ಚಿತ್ರ ತಡವರಿಸುವುದಷ್ಟೇ ಅಲ್ಲ

"ಹಳೇದಾದರೇನು, ಓಡುತ್ತಿದೆಯಲ್ಲ" ಎನ್ನುವವರಿಗೆ ಒಂದು ಮಾತು. 2023ರ ಜನವರಿಯಲ್ಲಿ ಟಿ95 ಹೆಸರಿನ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ನಲ್ಲಿ ಕೊಳ್ಳುವ ಮೊದಲೇ ಕುತಂತ್ರಾಂಶ ತುಂಬಿರುವುದನ್ನು ಒಬ್ಬ ತಂತ್ರಜ್ಞ ಪತ್ತೆ ಮಾಡಿದರು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಬಗ್ಗೆ ಎಚ್ಚರಿಕೆ ಕೊಟ್ಟಿತು. ಟಿವಿ ಬಾಕ್ಸ್, ಪ್ರೊಜೆಕ್ಟರ್, ಫೋಟೋ ಫ್ರೇಮ್‌ನಂಥ ಸಾಧನಗಳ ಮೂಲಕ ಮನೆಯ ಇಂಟರ್ನೆಟ್ ಸಂಪರ್ಕವನ್ನು ಕಳ್ಳರು ಬಳಸುವ ಜಾಲ ಅದು. ಎಲ್ಲೋ ನಡೆಯುವ ವಂಚನೆಯ ಜಾಡು ನಿಮ್ಮ ಮನೆಯ ವಿಳಾಸಕ್ಕೆ ಬಂದು ನಿಲ್ಲಬಹುದು. ಅದೇ ವೈಫೈನಲ್ಲಿ ನಿಮ್ಮ ಆಫೀಸ್ ಲ್ಯಾಪ್‌ಟಾಪೂ ಇದೆ, ಅಮ್ಮನ ಯುಪಿಐ ಫೋನೂ ಇದೆ.

ಹೆಸರಿಲ್ಲದ, ಎಲ್ಲ ಸಿನಿಮಾ ಪುಕ್ಕಟೆ ಎನ್ನುವ ಬಾಕ್ಸ್ ಮನೆಯಲ್ಲಿದ್ದರೆ ಅದರ ವೈಫೈ ಇವತ್ತೇ ತೆಗೆದುಹಾಕಿ. ಲಿನಕ್ಸ್ ಹಾಕಿ ಶುದ್ಧ ಮಾಡುತ್ತೇನೆ ಎಂದು ಹೊರಡಬೇಡಿ. ಬೂಟ್‌ಲೋಡರ್‌ನಲ್ಲಿ ಏನಿದೆ ಎಂದು ನಮಗೆ ಕಾಣುವುದಿಲ್ಲ.

ಹಾಗಾದರೆ ಏನು ಮಾಡೋಣ?

ಒಂದು: ಮುಖ್ಯವಾಗಿ ಒಟಿಟಿ ನೋಡುವವರಾದರೆ ಲಿನಕ್ಸ್ ಬಾಕ್ಸ್ ನಿಮಗಲ್ಲ. ಆ ಸೇವೆಗಳು ನಕಲು ತಡೆಯಲು ವೈಡ್‌ವೈನ್ ಬಳಸುತ್ತವೆ. ಮೇಲಿನ ದರ್ಜೆ ಎಲ್1 ಸಿಗಲು ಪ್ರಮಾಣಿತ ಸಾಧನ ಬೇಕು. ಸಾಮಾನ್ಯ ಲಿನಕ್ಸ್ ಯಂತ್ರಕ್ಕೆ ಸಿಗುವುದು ಎಲ್3. ಅಲ್ಲಿ ಗುಣಮಟ್ಟ ಇಳಿಸುತ್ತಾರೆ. ಅಪ್‌ಡೇಟ್ ಕೊಡುವ ಹೆಸರುವಾಸಿ ಸ್ಟಿಕ್ ಸಾಕು. ಸ್ವಂತ ವಿಡಿಯೋ, ಫೋಟೋ, ಹಾಡುಗಳ ಭಂಡಾರ ಇದ್ದರೆ ಮುಂದೆ ಓದಿ.

ಎರಡು: ಆಫೀಸುಗಳಿಂದ ಹೊರಬೀಳುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ನನ್ನ ಮೊದಲ ಸಲಹೆ. ಇಂಟೆಲ್ ತನ್ನ ಗ್ರಾಫಿಕ್ಸ್ ಡ್ರೈವರ್‌ಗಳನ್ನು ವರ್ಷಗಳಿಂದ ಮೇನ್‌ಲೈನ್‌ನಲ್ಲೇ ಇಟ್ಟಿದೆ. ತಲೆಮಾರು ನೋಡಿ ಕೊಳ್ಳಿ. 6ನೇ ತಲೆಮಾರಿನಲ್ಲಿ ಎಚ್.264 ಮತ್ತು 8 ಬಿಟ್ ಎಚ್‌ಇವಿಸಿ ಇದೆ. 7ನೆಯದರಲ್ಲಿ 10 ಬಿಟ್ ಎಚ್‌ಇವಿಸಿ, ವಿಪಿ9 ಸೇರಿತು. ಎಚ್‌ಡಿಆರ್ ಸಿನಿಮಾಗಳು 10 ಬಿಟ್ ಆದ್ದರಿಂದ 7ಕ್ಕಿಂತ ಕೆಳಗೆ ಇಳಿಯಬೇಡಿ. ಎವಿ1 ಬೇಕಾದರೆ 11ನೆಯ ತಲೆಮಾರು, ಅಥವಾ 2023ರಲ್ಲಿ ಬಂದ, 6 ವಾಟ್‌ನ ಎನ್100 ಚಿಪ್ ಇರುವ ಹೊಸ ಮಿನಿ ಪಿಸಿ.

ಮೂರು: ಪಿಸಿಗಳಲ್ಲಿ ಸಾಮಾನ್ಯವಾಗಿ ಎಚ್‌ಡಿಎಂಐ-ಸಿಇಸಿ ಇರುವುದಿಲ್ಲ. ಟಿವಿ ರಿಮೋಟ್‌ನ ಗುಂಡಿ ಒತ್ತಿದ್ದು ಎಚ್‌ಡಿಎಂಐ ತಂತಿಯಲ್ಲೇ ಬಾಕ್ಸ್‌ಗೆ ತಲುಪುವ ಅನುಕೂಲ ಅದು. ಮನೆಯ ಹಿರಿಯರಿಗೆ ಇದೇ ಮುಖ್ಯ. ಎರಡು ರಿಮೋಟ್ ಇದ್ದರೆ ಒಂದು ಯಾವಾಗಲೂ ಸೋಫಾ ಸಂದಿಯಲ್ಲಿ. ರಾಸ್ಪ್‌ಬೆರಿ ಪೈಯಲ್ಲಿ ಸಿಇಸಿ ಇದೆ. ಪಿಸಿಗೆ ಪ್ರತ್ಯೇಕ ಯುಎಸ್‌ಬಿ-ಸಿಇಸಿ ಅಡಾಪ್ಟರ್ ಕೊಳ್ಳಬೇಕು.

ನಾಲ್ಕು: ಸಾಧ್ಯವಾದರೆ ನೆಟ್‌ವರ್ಕ್ ಕೇಬಲ್ ಎಳೆಯಿರಿ. ಲಿನಕ್ಸ್‌ನಲ್ಲಿ ಅತಿ ಹೆಚ್ಚು ತಲೆನೋವು ಕೊಡುವುದು ಅಗ್ಗದ ಯುಎಸ್‌ಬಿ ವೈಫೈ ಡಾಂಗಲ್. ಡಾಂಗಲ್ ಬೇಕೇಬೇಕು ಎಂದಾದರೆ ಮೇನ್‌ಲೈನ್‌ನಲ್ಲಿ ಡ್ರೈವರ್ ಇರುವ ಚಿಪ್‌ನದ್ದೇ ಕೇಳಿ. ಮೀಡಿಯಾಟೆಕ್‌ನ ಎಂಟಿ76 ಸರಣಿ ಅಂಥದ್ದು.

ಐದು: ಕೊಳ್ಳುವ ಮುನ್ನ ಪರೀಕ್ಷಿಸಿ. ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗುವಾಗ ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಜೇಬಲ್ಲಿರಲಿ. ಅದರಿಂದಲೇ ಬೂಟ್ ಮಾಡಿ, ಡಿಸ್ಕ್‌ಗೆ ಏನೂ ಆಗುವುದಿಲ್ಲ. ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಕಮಾಂಡಿಗೆ ಹೈಫನ್-ಕೆ ಸೇರಿಸಿ ಕೊಟ್ಟರೆ ಒಂದೊಂದು ಭಾಗದ ಎದುರು ಯಾವ ಡ್ರೈವರ್ ಓಡುತ್ತಿದೆ ಎಂದು ತೋರಿಸುತ್ತದೆ. ಗ್ರಾಫಿಕ್ಸ್, ವೈಫೈ, ಆಡಿಯೋ ಎದುರು ಡ್ರೈವರ್ ಹೆಸರು ಇದ್ದರೆ ಸರಿ. ಕೋಡಿಯಲ್ಲಿ ವಿಡಿಯೋ ಓಡುವಾಗ ಕೀಬೋರ್ಡ್‌ನ ಓ ಒತ್ತಿ. ಡಿಕೋಡರ್ ಹೆಸರಿನ ಪಕ್ಕ ಎಚ್‌ಡಬ್ಲ್ಯು ಎಂದಿದ್ದರೆ ಹಾರ್ಡ್‌ವೇರ್, ಎಸ್‌ಡಬ್ಲ್ಯು ಎಂದಿದ್ದರೆ ಪ್ರೊಸೆಸರ್ ಒಬ್ಬನೇ ದುಡಿಯುತ್ತಿದ್ದಾನೆ ಎಂದರ್ಥ. ಪೆನ್‌ಡ್ರೈವ್‌ನಲ್ಲಿ ನಿಮ್ಮ ಮನೆಯ ನಾಲ್ಕೂ ಕಾಲದ ಒಂದೊಂದು ಫೈಲ್ ಇಟ್ಟುಕೊಂಡಿದ್ದರೆ ಐದು ನಿಮಿಷದ ಕೆಲಸ.

ನಮ್ಮ ಬೆಂಗಳೂರಿನಲ್ಲೇ ಇಂಟೆಲ್, ಎಎಂಡಿಯಂಥ ಕಂಪನಿಗಳಲ್ಲಿ ಲಿನಕ್ಸ್ ಡ್ರೈವರ್ ಬರೆಯುವ ಎಂಜಿನಿಯರ್‌ಗಳಿದ್ದಾರೆ. ಈ ಅಂಕಣ ಓದುವವರಲ್ಲೂ ಒಬ್ಬಿಬ್ಬರು ಇರಬಹುದು. ನೀವು ಮೇನ್‌ಲೈನ್‌ಗೆ ಸೇರಿಸುವ ಒಂದು ತಿದ್ದುಪಡಿಯಿಂದ ಎಲ್ಲೋ ಸಾಗರದಲ್ಲಿ, ಸಿಂಧನೂರಿನಲ್ಲಿ ಒಂದು ಹಳೆಯ ಪೆಟ್ಟಿಗೆ ಇನ್ನೈದು ವರ್ಷ ಕಸದ ಬುಟ್ಟಿಗೆ ಹೋಗದೆ ಉಳಿಯುತ್ತದೆ.

ಅಂದ ಹಾಗೆ ಭಾವನ ಬಾಕ್ಸ್ ಈಗ ಅವರ ಊರಿನ ಮನೆಯಲ್ಲಿ ಕೇಬಲ್ ಸಿಕ್ಕಿಸಿಕೊಂಡು ಹಾಡು, ಫೋಟೋ, ಹಳೆಯ ವಿಡಿಯೋಗಳಿಗೆ ಮೀಸಲಾಗಿದೆ. 4ಕೆಗೆ ಒಂದು ಮಿನಿ ಪಿಸಿ ಹುಡುಕುತ್ತಿದ್ದಾರೆ. ನಿಮ್ಮ ಟಿವಿ ಹಿಂದೆ ಏನಿದೆ? ಬಾಕ್ಸ್‌ನ ಮಾಡೆಲ್ ಬೇಡ, ಚಿಪ್‌ನ ಹೆಸರು ಮತ್ತು ಸೆಟ್ಟಿಂಗ್ಸ್‌ನಲ್ಲಿ ಕಾಣುವ ಕರ್ನಲ್ ಆವೃತ್ತಿ, ಇವೆರಡನ್ನು ಬರೆದು ಕಳಿಸಿ. ಯಾವುದು ಉಳಿಯುತ್ತೆ, ಯಾವುದಕ್ಕೆ ಕೈಮುಗಿಯಬೇಕು ಅಂತ ಮುಂದಿನ ಕಂತಿನಲ್ಲಿ ಹೇಳ್ತೀನಿ.